20 ನಿಮಿಷದ ಇಂಗ್ಲಿಷ್‌ಗಾಗಿ ಕೊಂಡ ಆ್ಯಪ್

ಬ್ಯಾಂಕ್ ಗುಮಾಸ್ತರ ನೇಮಕಾತಿಯ ಮೊದಲ ಹಂತದ ಪರೀಕ್ಷೆ, ಅಂದರೆ ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್‌ಗೆ 30 ಪ್ರಶ್ನೆ, 20 ನಿಮಿಷ. ಒಂದೊಂದು ತಪ್ಪಿಗೂ ಕಾಲು ಅಂಕ ಕಡಿತ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಈ ಆ್ಯಪ್‌ನ ವ್ಯಾಕರಣ ಭಾಗ ನಿಜಕ್ಕೂ ಕೈಹಿಡಿಯಿತು. ‘ಡಿಸ್ಕಸ್ ಅಬೌಟ್’ ಅಂತಲೇ ಇಷ್ಟು ವರ್ಷ ಬರೀತಿದ್ದೆ. ‘ಅದರ ಬಗ್ಗೆ ಚರ್ಚಿಸಿದೆವು’ ಅನ್ನೋ ನಮ್ಮ ‘ಬಗ್ಗೆ’ ಅಲ್ಲಿ ನುಸುಳುತ್ತೆ, ಇಂಗ್ಲಿಷಿಗೆ ‘ಡಿಸ್ಕಸ್’ ಒಂದೇ ಸಾಕು ಅಂತ ಕನ್ನಡದಲ್ಲೇ ಬಿಡಿಸಿ ಹೇಳಿದ್ದಾರೆ. ಶಾಲೆಯಲ್ಲಿ ನನಗೆ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ.

ಓದಿ ಉತ್ತರಿಸಬೇಕಾದ ಪ್ಯಾಸೇಜ್‌ಗಳು ಮಾತ್ರ ತೀರಾ ಸಪ್ಪೆ. ಉತ್ತರ ಸಾಲಿನಲ್ಲೇ ಎದ್ದು ಕಾಣುತ್ತೆ. ಲೇಖಕರ ಧೋರಣೆ ಏನು ಅಂತ ಕೇಳುವ ಪ್ರಶ್ನೆಯೇ ಇಲ್ಲ. ಮೂರು ತಿಂಗಳಿಗೆ 299 ರೂಪಾಯಿ, ವ್ಯಾಕರಣಕ್ಕಾದರೆ ಖಂಡಿತ ಕೊಡಬಹುದು. ಓದುವ ಅಭ್ಯಾಸಕ್ಕೆ ನಾನು ಗ್ರಂಥಾಲಯಕ್ಕೆ ಹೋಗಿ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದ್ತಿದ್ದೀನಿ, ಮೊಬೈಲ್‌ನಲ್ಲಿ ಏಳು ನಿಮಿಷ ಟೈಮರ್ ಇಟ್ಟುಕೊಂಡು.