ಕೋಡ್ ರೀಡರ್ ಸಾಕಾ, ಲೈವ್ ಡೇಟಾ ಸ್ಕ್ಯಾನರ್ ಬೇಕಾ?

ಕಾರಿನ ಚೆಕ್ ಇಂಜಿನ್ ಲೈಟ್ ಹತ್ತಿದೆ, ಮೈಲೇಜ್ ಬಿದ್ದಿದೆ. ಕಾರಿಗೆ ಸಿಕ್ಕಿಸಿ ದೋಷ ಹುಡುಕುವ ಸಾಧನಗಳು ಎರಡು ಬಗೆ. ಯಾವುದನ್ನು ಕೊಳ್ಳಬೇಕು?

ಬರೀ ಕೋಡ್ ರೀಡರ್ ಅಗ್ಗ. ಇಂಜಿನ್ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುತ್ತದೆ, ಅಳಿಸುತ್ತದೆ, ಅಷ್ಟೇ. ಪಿ0171 ಬಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಎಂದು ತಿಳಿಯುತ್ತದೆ. ಯಾಕೆ ಅನ್ನೋದು ತಿಳಿಯುವುದಿಲ್ಲ. ಎಷ್ಟೋ ಜನ ಇಲ್ಲೇ ಸುಮ್ನೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಪಾಪ, ಆ ಸೆನ್ಸರ್ ಬಹಳ ಸಲ ಇದ್ದದ್ದನ್ನು ಇದ್ದ ಹಾಗೇ ಹೇಳಿರುತ್ತದೆ.

ಲೈವ್ ಡೇಟಾ ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ಕಾಣುತ್ತದೆ. ಇಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಎಂಬ ಲೆಕ್ಕ ಅದು. ಸೊನ್ನೆಯ ಆಸುಪಾಸಿದ್ದರೆ ಚಿಂತೆಯಿಲ್ಲ. ಶೇಕಡಾ 10 ದಾಟಿ ಅಲ್ಲೇ ನಿಂತರೆ ಹುಡುಕಬೇಕು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ, ಟ್ರಿಮ್ ಪ್ಲಸ್ 20 (ಪೆಟ್ರೋಲ್ ಶೇಕಡಾ 20 ಹೆಚ್ಚು) ಇದ್ದದ್ದು 2500 ಆರ್‌ಪಿಎಂಗೆ ಏರಿಸಿದಾಗ 4ಕ್ಕೆ ಇಳಿಯಿತು ಅಂದುಕೊಳ್ಳಿ. ಆಗ ವ್ಯಾಕ್ಯೂಮ್ ಪೈಪ್ ಎಲ್ಲೋ ಸೀಳಿ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿರುವ ಸಾಧ್ಯತೆ ಜಾಸ್ತಿ. ಬದಲಿಗೆ ಲೋಡ್ ಹೆಚ್ಚಿದಷ್ಟೂ ಟ್ರಿಮ್ ಏರಿದರೆ ಫ್ಯೂಯಲ್ ಪಂಪ್, ಫಿಲ್ಟರ್, ಕೊಳೆ ಹಿಡಿದ ಮಾಸ್ ಏರ್ ಫ್ಲೋ ಸೆನ್ಸರ್ (ಇಂಜಿನ್‌ಗೆ ಹೋಗುವ ಗಾಳಿ ಅಳೆಯುವುದು) ನೋಡಿ.

ಕೋಡ್ ತಿಳಿದುಕೊಂಡು ಮೆಕ್ಯಾನಿಕ್ ಹತ್ತಿರ ಹೋಗುವವರಿಗೆ ರೀಡರ್ ಸಾಕು. ತಾವೇ ರಿಪೇರಿಗೆ ಇಳಿಯುವವರು ಸ್ವಲ್ಪ ಜಾಸ್ತಿ ಕೊಟ್ಟಾದರೂ ಲೈವ್ ಡೇಟಾ ಇರುವುದನ್ನೇ ತೆಗೆದುಕೊಳ್ಳಿ. ಶಾರ್ಟ್ ಟರ್ಮ್ (ಆ ಕ್ಷಣದ್ದು), ಲಾಂಗ್ ಟರ್ಮ್ (ಬಹಳ ಹೊತ್ತಿನಿಂದ ಕಲಿತದ್ದು) ಟ್ರಿಮ್ ಎರಡನ್ನೂ ತೋರಿಸುತ್ತದಾ ಎಂದು ಮೊದಲೇ ಕೇಳಿ.