ಮನೆಯಲ್ಲೇ ಕಟ್ಟುವ ವೈಸ್: ಮೂರು ಬಗೆಯ ಸ್ಲೈಡು, ಮೂರು ಬಗೆಯ ಸ್ಕ್ರೂ

ಕಾಸರಗೋಡಿನ ತೋಟದ ಮನೆಗಳಲ್ಲಿ ವೈಸಿಗೆ (ವಸ್ತುವನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಉಪಕರಣಕ್ಕೆ) ಬೀಳುವ ಕೆಲಸ ಒಂದೇ ನಮೂನೆಯದ್ದಲ್ಲ. ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಪಿರಿ (ಥ್ರೆಡ್) ಹಾಕಬೇಕು, ಕತ್ತಿಯ ಹಿಡಿ ಬಿಗಿ ಮಾಡಬೇಕು, ಮಳೆ ಹಿಡಿಯುವ ಮೊದಲು ಮದ್ದು ಬಿಡುವ ಪಂಪಿನ ಗ್ಲ್ಯಾಂಡ್ (ಸೋರಿಕೆ ತಡೆಯುವ ನಟ್ಟು) ಬಿಚ್ಚಬೇಕು. ಇಷ್ಟಕ್ಕೂ ಆಗುವಂಥ ವೈಸನ್ನು ಗುಜರಿ ಅಂಗಡಿಯ ಕಬ್ಬಿಣದಲ್ಲೇ ಕಟ್ಟಬಹುದು. ಇಲ್ಲಿ ಹೋಲಿಸಿದ ಮೂರೂ ಮಾದರಿಗಳಲ್ಲಿ ದವಡೆಯ ಅಗಲ 100 ಮಿ.ಮೀ., ಸ್ಲೈಡಿನಿಂದ (ದವಡೆ ಹಿಂದೆ ಮುಂದೆ ಜಾರುವ ಭಾಗದಿಂದ) ದವಡೆಯ ತುದಿಗೆ ಎತ್ತರ 70 ಮಿ.ಮೀ. ಕಟ್ಟುವವರು ಹೆಚ್ಚಾಗಿ ಹಣವನ್ನೂ ತಲೆಯನ್ನೂ ಸ್ಕ್ರೂವಿಗೇ ಖರ್ಚು ಮಾಡುತ್ತಾರೆ. ವೈಸ್ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವುದು ಮಾತ್ರ ಸ್ಲೈಡು.

ಪೈಪಿನೊಳಗೆ ಪೈಪು

ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೆ: 60×60ರ ಚೌಕ ಪೈಪಿನೊಳಗೆ 50×50ರ ಪೈಪು. ಹೊರಗಿನದು 5 ಮಿ.ಮೀ. ದಪ್ಪದ್ದಾದರೆ ಒಳಗೆ ಸರಿಯಾಗಿ 50 ಉಳಿಯುತ್ತದೆ. ಆದರೆ ಒಳಗಡೆ ಉದ್ದಕ್ಕೂ ವೆಲ್ಡಿನ ದಿಂಡು ಇರುವುದರಿಂದ ಪೈಪು ಹೊಗುವುದೇ ಇಲ್ಲ. 150 ಮಿ.ಮೀ. ಆಳಕ್ಕೆ ಅರ ಹಾಕಿ ಅದನ್ನು ಉಜ್ಜುವುದು ಒಂದು ದಿನದ ಕೆಲಸ, ಆಮೇಲೂ ಸಮ ಬರುವುದಿಲ್ಲ. 4 ಮಿ.ಮೀ. ದಪ್ಪದ್ದು ತಂದರೆ ಪೈಪು ಸಲೀಸಾಗಿ ಹೋಗುತ್ತದೆ, ಆದರೆ 2 ಮಿ.ಮೀ. ಸಡಿಲ. ಹಿಡಿತದ ಉದ್ದ (ಒಳಪೈಪು ಹೊರಪೈಪಿನೊಳಗಿರುವ ಉದ್ದ) 150 ಇದ್ದರೆ, ಬಿಗಿ ಮಾಡುವಾಗ ದವಡೆಯ ತುದಿ 2×70÷150, ಅಂದರೆ 0.9 ಮಿ.ಮೀ.ಯಷ್ಟು ಹಿಂದಕ್ಕೆ ವಾಲುತ್ತದೆ. ದಪ್ಪ ಪಟ್ಟಿಯನ್ನೇನೋ ಹಿಡಿದೀತು. 3 ಮಿ.ಮೀ.ಯ ತಗಡು ಕೆಳಗೆ ಮಾತ್ರ ಸಿಕ್ಕಿ, ಮೇಲೆ ಅರ ಆಡಿಸಿದಾಗ ಕಿರುಚುತ್ತದೆ.

ಎಲ್ ಆಂಗಲ್ ಸುತ್ತಿದ ಪೈಪು

ನಮ್ಮ ಆಯ್ಕೆ ಇದೇ. ಒಳಗಿನದು ಅದೇ 50×50×5 ಪೈಪು, ಉದ್ದ 300. ಹೊರಗೆ 50×50×6ರ ಎರಡು ಆಂಗಲ್ ತುಂಡು, ತಲಾ 150 ಉದ್ದ, ಎದುರುಬದುರು ಮೂಲೆಗಳಿಂದ ಪೈಪನ್ನು ಅಪ್ಪುವ ಹಾಗೆ. ಆಂಗಲ್‌ನ ಒಳಮೈ 44 ಮಿ.ಮೀ. ಮಾತ್ರವಾದ್ದರಿಂದ ಉಳಿದೆರಡು ಮೂಲೆಗಳಲ್ಲಿ ಸಂದು ಬಿಡುತ್ತದೆ. ಅಲ್ಲಿ 8 ಮಿ.ಮೀ. ಸರಳು ಇಟ್ಟು ವೆಲ್ಡ್ ಮಾಡಬೇಕು.

ಗುಟ್ಟಿರುವುದು ಪೈಪಿನ ನಾಲ್ಕೂ ಮೈಗೆ ಸುತ್ತುವ ತಗಡಿನಲ್ಲಿ. ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬಿಯನ್ನು ಕತ್ತರಿಸಿದರೆ ಸುಮಾರು 0.1 ಮಿ.ಮೀ.ಯ ತಗಡು ಸಿಗುತ್ತದೆ. ಒಂದೊಂದು ಮೈಗೂ ಒಂದೊಂದು ಪದರ ಸುತ್ತಿ, ಆಂಗಲ್‌ಗಳನ್ನು ಎರಡು ಸಿ ಕ್ಲ್ಯಾಂಪಿನಿಂದ ಬಿಗಿದು ಟ್ಯಾಕ್ (ಚುಕ್ಕೆ ವೆಲ್ಡ್) ಹಾಕಿ. ವೆಲ್ಡ್ ಮುಗಿದು ತಗಡು ತೆಗೆದ ಮೇಲೆ ಎರಡು ಎದುರು ಮೈ ಸೇರಿ 0.2 ಮಿ.ಮೀ. ಸಡಿಲ ಉಳಿಯುತ್ತದೆ. ಆಗ ದವಡೆ ವಾಲುವುದು 0.1 ಮಿ.ಮೀ. ಮಾತ್ರ. ಅದನ್ನೂ ಇಲ್ಲವಾಗಿಸಬಹುದು: ದವಡೆಯನ್ನು ವೆಲ್ಡ್ ಮಾಡುವಾಗ ಎರಡು ದವಡೆಗಳ ಮಧ್ಯೆ ಕೆಳಗಡೆ 0.1ರ ತಗಡು ಇಟ್ಟು, ಮೇಲ್ತುದಿ ಮೊದಲು ಮುಟ್ಟುವ ಹಾಗೆ ನಿಲ್ಲಿಸಿ. ಬಿಗಿ ಮಾಡಿದಾಗ ಎರಡೂ ಸಮನಾಗಿ ಕೂರುತ್ತವೆ.

ಇಲ್ಲಿ ಕೆಡುವುದು ವೆಲ್ಡಿನ ಆತುರದಿಂದ. ಒಂದೇ ಉಸಿರಿಗೆ 150 ಉದ್ದ ಎಳೆದರೆ ಆಂಗಲ್ ಮುದುಡಿ ಪೈಪನ್ನು ಕಚ್ಚಿಬಿಡುತ್ತದೆ. 20 ಮಿ.ಮೀ. ಒಂದು ಬದಿ, 20 ಮಿ.ಮೀ. ಎದುರು ಬದಿ, ಕೈ ಮುಟ್ಟುವಷ್ಟು ಆರಿದ ಮೇಲೆ ಮುಂದಿನದು. ಪ್ರತಿ ಸುತ್ತಿಗೂ ಪೈಪನ್ನು ತಟ್ಟಿ ಅಲುಗಾಡಿಸಿ ನೋಡಿ. ಸಂಜೆ ವೋಲ್ಟೇಜ್ ಇಳಿಯುವ ಕಡೆ 3.15 ಮಿ.ಮೀ.ಯ ವೆಲ್ಡಿಂಗ್ ರಾಡ್ ಅಂಟಿಕೊಳ್ಳುತ್ತದೆ, 2.5ರ ರಾಡಿನಲ್ಲಿ 75–80 ಆಂಪಿಯರಿಗೆ ಎರಡು ಪದರ ಹಾಕುವುದೇ ಮೇಲು.

ಪೈಪು 300, ಹಿಡಿತ 150 ಇರುವುದರಿಂದ ದವಡೆ 120 ತೆರೆದರೂ ಹಿಡಿತ ಕಡಿಮೆಯಾಗುವುದಿಲ್ಲ. ಇದು ಮೊದಲ ಮಾದರಿಗೂ ಅನ್ವಯಿಸುತ್ತದೆ. ಹೊರಪೈಪಿನಷ್ಟೇ ಉದ್ದದ ಒಳಪೈಪು ಇಟ್ಟರೆ ತೆರೆದಷ್ಟೂ ವೈಸ್ ಸೋಲುತ್ತದೆ.

ಎರಡು ಸರಳಿನ ಸ್ಲೈಡು

25 ಮಿ.ಮೀ.ಯ ಎರಡು ಬ್ರೈಟ್ ಬಾರ್ (ನಯಗೊಳಿಸಿದ ಉಕ್ಕಿನ ಸರಳು), ಅವುಗಳ ಮೇಲೆ ಓಡುವ ದವಡೆ. ನೋಡಲು ಚಂದ, ಅರದ ಪುಡಿ ಕೆಳಗೆ ಉದುರಿಹೋಗುತ್ತದೆ. ಆದರೆ 25ರ ತೂತು ಮನೆಯ ಡ್ರಿಲ್ಲಿಗೆ ದಕ್ಕದು, ಲೇತಿಗೇ ಹೋಗಬೇಕು. ಪ್ಲೇಟುಗಳನ್ನು ಒಟ್ಟಿಗೆ ಬಿಗಿದು ಒಂದೇ ಸಲಕ್ಕೆ ತೂತು ಹೊಡೆಸದಿದ್ದರೆ ದವಡೆ ಅರ್ಧದಲ್ಲೇ ನಿಲ್ಲುತ್ತದೆ. ಬರೀ 12 ಮಿ.ಮೀ. ಪ್ಲೇಟು ಹಿಡಿತಕ್ಕೆ ಸಾಲದು, 80 ಮಿ.ಮೀ. ಉದ್ದದ ಬುಷ್ (ಸರಳಿನ ಮೇಲೆ ಕೂರುವ ಕೊಳವೆ) ಬೇಕು. ಡ್ರಿಲ್ಲಿಂಗ್ ಮೆಷಿನಿನ ಕೆಳಗೆ ಇಡಲು ಇದು ಒಳ್ಳೆಯದು. ಸುತ್ತಿಗೆ ಏಟಿನ ಕೆಲಸಕ್ಕೆ ಬೇಡ.

ಸ್ಕ್ರೂ

ಎಂ20 (20 ಮಿ.ಮೀ. ವ್ಯಾಸದ) ಥ್ರೆಡ್ ರಾಡ್ ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ. ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 2.5 ಮಿ.ಮೀ., ಹಾಗಾಗಿ ದವಡೆ 60 ಮಿ.ಮೀ. ಸರಿಯಲು 24 ಸುತ್ತು. ಲೇತಿನಲ್ಲಿ ಕೊಯ್ಸಿದ 24×5ರ (24 ಮಿ.ಮೀ. ವ್ಯಾಸ, 5 ಮಿ.ಮೀ. ಪಿಚ್) ಟ್ರಪೀಜಿಯಂ ಪಿರಿಗೆ 12 ಸುತ್ತು ಸಾಕು. ಬಿಗಿಯ ವಿಷಯಕ್ಕೆ ಬಂದರೆ ಅಗ್ಗದ್ದೇ ತುಸು ಮುಂದೆ. 150 ಮಿ.ಮೀ. ಹಿಡಿಯ ತುದಿಯಲ್ಲಿ 15 ಕಿಲೋ ಒತ್ತಿದರೆ, ಉಜ್ಜಾಟ ಕಳೆದು ಎಂ20 ಸುಮಾರು 550–600 ಕಿಲೋ ಬಲ ಕೊಡುತ್ತದೆ, 24×5ರದ್ದು 500ರ ಆಸುಪಾಸು. ಟ್ರಪೀಜಿಯಂ ಪಿರಿಗೆ ಕೊಡುವ ದುಡ್ಡು ವೇಗಕ್ಕೂ ಬಾಳಿಕೆಗೂ ಕೊಡುವ ದುಡ್ಡು.

ಎಂ20ಗೆ ಸಾಮಾನ್ಯ ನಟ್ಟು ಹಾಕಬೇಡಿ, ಬೇಗ ಸವೆಯುತ್ತದೆ. 60 ಮಿ.ಮೀ. ಉದ್ದದ ಕಪ್ಲಿಂಗ್ ನಟ್ಟು ತನ್ನಿ. ಅದರ ಮೈಯಗಲ 30, 50ರ ಪೈಪಿನೊಳಗೆ ಸಲೀಸಾಗಿ ಕೂರುತ್ತದೆ. 12 ಮಿ.ಮೀ.ಯ ಪಟ್ಟಿಗೆ ನಟ್ಟನ್ನು ವೆಲ್ಡ್ ಮಾಡಿ, ಪೈಪಿನ ಅಡಿಯಲ್ಲಿ ಕೊಯ್ದ 14 ಮಿ.ಮೀ. ಸೀಳಿನ ಮೂಲಕ ಪಟ್ಟಿಯನ್ನು ಕೆಳಗಿಳಿಸಿ ಎರಡು ಎಂ10 ಬೋಲ್ಟಿನಲ್ಲಿ ತಳಕ್ಕೆ ಬಿಗಿಯಿರಿ. ಬೋಲ್ಟಿನ ತೂತು ಉದ್ದುದ್ದವಾಗಿರಲಿ. ದವಡೆ ಮುಚ್ಚಿಟ್ಟು, ನಟ್ಟು ತಾನೇ ತನ್ನ ಜಾಗ ಹುಡುಕಿಕೊಂಡ ಮೇಲೆ ಬೋಲ್ಟು ಬಿಗಿಯಬೇಕು. ರಾಡು, ನಟ್ಟು ಎರಡಕ್ಕೂ ಸತುವಿನ ಲೇಪ ಇರುತ್ತದೆ. ವೆಲ್ಡ್ ಮಾಡುವ ಜಾಗದಲ್ಲಿ ಅದನ್ನು ಗ್ರೈಂಡರಿನಿಂದ ಪೂರ್ತಿ ತೆಗೆಯಿರಿ. ಆ ಬಿಳಿ ಹೊಗೆ ಒಳಗೆ ಹೋದರೆ ರಾತ್ರಿ ಚಳಿಜ್ವರ ಬರುತ್ತದೆ.

ಸೆಂಟ್ರಿಂಗ್ ಜ್ಯಾಕಿಯ (ಸ್ಲ್ಯಾಬ್ ಹಾಕುವಾಗ ಕೆಳಗಿನಿಂದ ಆಸರೆ ಕೊಡುವ ಕಂಬದ) ಸ್ಕ್ರೂ ಮೂರನೆಯದು. ದಪ್ಪ ಪಿರಿ, ಮಣ್ಣು ಸಿಮೆಂಟಿಗೆ ಜಗ್ಗುವುದಿಲ್ಲ. ಆದರೆ ನಟ್ಟು 50ರ ಪೈಪಿನೊಳಗೆ ಹಿಡಿಸದು. ನಟ್ಟು ಬೀಡಿನದ್ದಾದರೆ ಮಾಮೂಲಿ ರಾಡಿನ ವೆಲ್ಡು ಆರುವಾಗಲೇ ಟಿಕ್ಕೆಂದು ಬಿರಿಯುತ್ತದೆ. ಅದನ್ನು ಪ್ಲೇಟುಗಳ ನಡುವೆ ಸಿಕ್ಕಿಸಿಯೇ ಕೂರಿಸಬೇಕು. ಪೈಪ್ ಹಿಡಿಯುವ ಒರಟು ವೈಸಿಗಾದರೆ ಸರಿ.

ಎಂ20ಗೆ 51104 ಥ್ರಸ್ಟ್ ಬೇರಿಂಗ್ (ಉದ್ದಕ್ಕೆ ಒತ್ತುವ ಬಲ ಹೊರುವ ಬೇರಿಂಗ್) ಸರಿಹೊಂದುತ್ತದೆ, ಒಳವ್ಯಾಸ 20. ಸ್ಕ್ರೂವಿನ ಕಾಲರಿನ (ದವಡೆಗೆ ಒತ್ತುವ ಬಳೆಯ) ಉಜ್ಜಾಟ ತಪ್ಪುವುದರಿಂದ ಬಲ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಆದರೆ ಆ ಬಲ ತಡೆಯುವ ಶಕ್ತಿ ದವಡೆಯ ಬುಡದ ವೆಲ್ಡಿಗೆ ಇರುವುದಿಲ್ಲ. ಗಟ್ಟಿ ವಾಶರಿಗೆ ಗ್ರೀಸ್ ಹಚ್ಚಿದರೆ ಸಾಕು.

ದವಡೆಯ ಮುಖ

ಲಾರಿಯ ಲೀಫ್ ಸ್ಪ್ರಿಂಗಿನ ಪಟ್ಟಿ ಉತ್ತಮ. ಇದ್ದ ಹಾಗೇ ತೂತು ಹೊಡೆಯಲು ಹೋದರೆ ಡ್ರಿಲ್ ಬಿಟ್ಟಿನ ಮೂಗು ಸುಟ್ಟು ನೀಲಿಯಾಗುತ್ತದೆ. ತೆಂಗಿನ ಗೆರಟೆಯ ಕೆಂಡಕ್ಕೆ ಬ್ಲೋವರ್ ಹಿಡಿದು, ಅಯಸ್ಕಾಂತ ಅಂಟದಷ್ಟು ಕೆಂಪಾದ ಮೇಲೆ ಇನ್ನೂ ತುಸು ಕಾಯಿಸಿ ಒಣಬೂದಿಯಲ್ಲಿ ಹೂಳಿ. ಬೆಳಿಗ್ಗೆ ತೆಗೆದರೆ ಅರಕ್ಕೆ ಬಗ್ಗುತ್ತದೆ. ಮತ್ತೆ ಹದ ಹಾಕುವುದು ಬೇಕಿಲ್ಲ, ಹಾಗೇ ಬಿಟ್ಟರೂ ಎಂಎಸ್ (ಮೆದು ಉಕ್ಕಿನ) ಪಟ್ಟಿಗಿಂತ ಗಟ್ಟಿ. 12 ಮಿ.ಮೀ. ಪಟ್ಟಿಯಲ್ಲಿ 8 ಮಿ.ಮೀ. ಆಳದ 90 ಡಿಗ್ರಿ ವಿ ಆಕಾರದ ತೋಡು ಕೊಯ್ದರೆ 21.3 ಮಿ.ಮೀ. ಹೊರವ್ಯಾಸದ ಅರ್ಧ ಇಂಚಿನ ಪೈಪು ಜಾರದೆ ನಿಲ್ಲುತ್ತದೆ. ಮುಖಗಳನ್ನು ಎಂ8 ಸ್ಕ್ರೂವಿನಲ್ಲಿ ಕೂರಿಸಿ. ಹಿತ್ತಾಳೆ ಭಾಗ ಹಿಡಿಯುವಾಗ ಬಿಚ್ಚಿ ಅಲ್ಯುಮಿನಿಯಂ ಮುಖ ಹಾಕಬಹುದು.

ಕೊನೆಗೆ, ವೈಸ್ ಇಡುವ ಜಾಗ. ಮೈಲುತುತ್ತಿನ ಚೀಲ, ಬೋರ್ಡೋ (ತುತ್ತು-ಸುಣ್ಣದ ಮದ್ದು) ಕಲಸುವ ಡ್ರಮ್ಮು ಇರುವ ಶೆಡ್ಡಿನಲ್ಲಿ ಬೇಡ. ತುತ್ತಿನ ನೀರು ಬಿದ್ದ ಕಡೆ ಕಬ್ಬಿಣ ಕರಗಿ, ಅದರ ಮೇಲೆ ತಾಮ್ರ ಕೆಂಪಗೆ ಕೂರುತ್ತದೆ. ಅದರಡಿಯ ತುಕ್ಕು ಮಳೆಗಾಲವಿಡೀ ನಿಲ್ಲುವುದಿಲ್ಲ. ಸ್ಲೈಡಿಗೆ ತೆಂಗಿನೆಣ್ಣೆ ಹಚ್ಚಬೇಡಿ, ಹಳತಾದಂತೆ ಹುಳಿಯಾಗಿ ಅಂಟುತ್ತದೆ. ಇಂಜಿನ್ ಆಯಿಲಿನಲ್ಲಿ ಅದ್ದಿದ ಬಟ್ಟೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒರೆಸಿ, ದವಡೆಯನ್ನು ಪೂರ್ತಿ ಮುಚ್ಚದೆ ಒಂದು ಬೆರಳು ಸಂದು ಬಿಡಿ.