ಪಂದಿ ಕರಿ ಹೊರಗೆ, ಕಡಂಬುಟ್ಟು ಮನೆಯಲ್ಲಿ

ಕೊಡಗಿನ ಊಟ ಎಲ್ಲಿ ಚೆನ್ನ? ದಾರಿಯ ಹೋಟೆಲಲ್ಲೋ, ಹೋಂಸ್ಟೇಯಲ್ಲೋ, ಮನೆಯಲ್ಲೋ? ಮಡಿಕೇರಿಗೆ ಬರುವ ನೆಂಟರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಯಾವುದೋ ಒಂದು ಜಾಗದ ಹೆಸರು ಹೇಳಿ ಮುಗಿಸಲು ಆಗುವುದಿಲ್ಲ. ಒಂದೇ ತಟ್ಟೆಗೆ ಬರುವ ಎರಡು ಪದಾರ್ಥಗಳ ಗುಣವೇ ಬೇರೆ ಬೇರೆ. ಪಂದಿ ಕರಿ, ಅಂದರೆ ಹಂದಿ ಮಾಂಸದ ಪಲ್ಯ, ಇಟ್ಟಷ್ಟೂ ರುಚಿ. ಕಡಂಬುಟ್ಟು, ಅಂದರೆ ಉಗಿಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ, ಆರಿತೋ, ಕೆಟ್ಟಿತು. ವಿರಾಜಪೇಟೆ, ಗೋಣಿಕೊಪ್ಪ, ನಾಪೋಕ್ಲು ಅಂತ ತಿರುಗುವಾಗ ತಿಂದದ್ದನ್ನೂ ಮನೆಯಲ್ಲಿ ನಾನೇ ಮಾಡಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಕಾಣುವುದು ಇದೇ.

ಪಂದಿ ಕರಿಯಿಂದಲೇ ಶುರು ಮಾಡೋಣ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಸಾಸಿವೆ, ಚಿಟಿಕೆ ಮೆಂತ್ಯ. ಇಷ್ಟನ್ನೂ ಇನ್ನೇನು ಕಪ್ಪಾಯಿತು ಅನ್ನುವವರೆಗೆ ಹುರಿದು ಪುಡಿ ಮಾಡಬೇಕು. ತೆಂಗಿನಕಾಯಿ ಇಲ್ಲ. ಹುಳಿಗೆ ಕಾಚಂಪುಳಿ, ಹಣ್ಣಿನ ರಸ ಬತ್ತಿಸಿ ಮಾಡಿದ ಕಪ್ಪು ಹುಳಿ. ಮಾಂಸದ ತುಂಡಿನಲ್ಲಿ ಚರ್ಮ, ಕೊಬ್ಬು ಎರಡೂ ಇರಲೇಬೇಕು. ಆ ಕೊಬ್ಬು ಕರಗಿ ಮಸಾಲೆಗೆ ಸೇರಲು ದೊಡ್ಡ ಪಾತ್ರೆ, ಸಣ್ಣ ಬೆಂಕಿ, ಕೈತುಂಬಾ ಹೊತ್ತು ಬೇಕು.

ಗೋಣಿಕೊಪ್ಪ ಕಡೆಯ ಒಂದು ಸಣ್ಣ ಹೋಟೆಲಿಗೆ ನಾನು ಹೋದಾಗ ಊಟದ ಹೊತ್ತು ಮುಗಿಯುತ್ತಾ ಬಂದಿತ್ತು. ತಟ್ಟೆಗೆ ಬಿದ್ದದ್ದು ಪಾತ್ರೆಯ ತಳದ ಕರಿ. ಬೆಳಗ್ಗೆ ಬೆಂದು ಮಧ್ಯಾಹ್ನದವರೆಗೆ ಒಲೆಯ ಪಕ್ಕದಲ್ಲೇ ಇದ್ದದ್ದು. ಮಸಾಲೆ ಕಪ್ಪಗೆ, ಮಂದವಾಗಿ ತುಂಡಿಗೆ ಅಂಟಿಕೊಂಡಿತ್ತು. ಕಾಚಂಪುಳಿಯ ಹುಳಿ ಕೊಬ್ಬಿನೊಳಗೂ ಇಳಿದಿತ್ತು. ಅಂಥ ಪಂದಿ ಕರಿ ನನ್ನ ಅಡುಗೆಮನೆಯಲ್ಲಿ ಇವತ್ತಿಗೂ ಆಗಿಲ್ಲ. ಜೊತೆಗೆ ಕೊಟ್ಟ ಕಡಂಬುಟ್ಟು ಮಾತ್ರ ಹೊರಗೆ ಒಣಗಿ, ಒಳಗೆ ಗಟ್ಟಿಯಾಗಿತ್ತು. ಅದೂ ಬೆಳಗ್ಗೆಯದ್ದೇ!

ನಾಪೋಕ್ಲು ಹತ್ತಿರದ ಒಂದು ಹೋಂಸ್ಟೇಯಲ್ಲಿ ತಿಂದದ್ದು ಇನ್ನೂ ಒಂದು ಕೈ ಮೇಲೆ. ಅಲ್ಲಿ ಸೌದೆ ಒಲೆ. ರಾತ್ರಿ ಊಟಕ್ಕೆ ಬಡಿಸುವಾಗಲೇ ಮನೆಯ ಅಕ್ಕ ಹೇಳಿದ್ದರು, "ಇವತ್ತು ಸ್ವಲ್ಪ ತಿನ್ನಿ. ನಾಳೆ ಬೆಳಗ್ಗೆ ಒಟ್ಟಿ (ಅಕ್ಕಿ ರೊಟ್ಟಿ) ಜೊತೆ ಇದನ್ನೇ ಕೊಡ್ತೇನೆ, ಆಗ ಗೊತ್ತಾಗ್ತದೆ." ಬೆಳಗ್ಗೆ ಗೊತ್ತಾಯಿತು. ರಾತ್ರಿ ಖಾರ, ಹುಳಿ, ಹುರಿದ ಮಸಾಲೆಯ ಕಹಿ ಮೂರೂ ಬೇರೆ ಬೇರೆಯಾಗಿ ನಾಲಿಗೆಗೆ ಸಿಗುತ್ತಿದ್ದವು. ಬೆಳಗ್ಗೆಗೆ ಎಲ್ಲ ಸೇರಿ ಒಂದಾಗಿದ್ದವು.

ಮನೆಯಲ್ಲಿ ನಾವು ಮಾಡುವುದು ಒಂದು ಕಿಲೋ, ಅದೂ ಕುಕ್ಕರಿನಲ್ಲಿ. ಮಾಂಸ ಬೇಗ ಬೇಯುತ್ತದೆ ನಿಜ. ಆದರೆ ನೀರು ಬಿಟ್ಟುಕೊಂಡು ಮಸಾಲೆ ತೆಳುವಾಗುತ್ತದೆ. ಆಮೇಲೆ ಮುಚ್ಚಳ ತೆಗೆದು, ಸಣ್ಣ ಉರಿಯಲ್ಲಿ ಅರ್ಧ ಗಂಟೆಗೂ ಜಾಸ್ತಿ ಇಟ್ಟು, ಕಾಚಂಪುಳಿಯನ್ನು ಕೊನೆಗೆ ಹಾಕಿದರೆ ಪರವಾಗಿಲ್ಲ ಅನ್ನಿಸುವಷ್ಟಾಗುತ್ತದೆ. ಕುಕ್ಕರೇ ಬೇಡ ಅಂತ ಮಣ್ಣಿನ ಪಾತ್ರೆಯಲ್ಲೂ ಮಾಡಿ ನೋಡಿದ್ದೇನೆ. ರುಚಿ ಹತ್ತಿರ ಬರುತ್ತದೆ, ಗ್ಯಾಸ್ ಖರ್ಚಾಗುತ್ತದೆ. ಪಂದಿ ಕರಿಯಲ್ಲಿ ನನ್ನ ಮತ ಹೊರಗಿನದಕ್ಕೇ.

ಕಡಂಬುಟ್ಟು ಪೂರಾ ಉಲ್ಟಾ. ಅಕ್ಕಿ ತರಿ, ನೀರು, ಉಪ್ಪು. ಅಷ್ಟೇ ಸಾಮಾನು. ಒಂದು ಲೋಟ ತರಿಗೆ ಎರಡೂಕಾಲು ಲೋಟ ನೀರು ನನಗೆ ಸರಿಹೋಗುತ್ತದೆ. ಎರಡೇ ಲೋಟ ಹಾಕಿದರೆ ಉಂಡೆ ಬಿರುಕು ಬಿಡುತ್ತದೆ. ಕುದಿಯುವ ನೀರಿಗೆ ತರಿ ಹಾಕಿ, ಗಂಟಾಗದ ಹಾಗೆ ತಿರುವಿ, ಮುಚ್ಚಿಡಬೇಕು. ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ ಕಟ್ಟಬೇಕು. ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಬೇಕು. ನಾನು ಎರಡನೇ ಸುತ್ತಿನ ಉಂಡೆಗಳನ್ನು ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೇ ಉಗಿಗೆ ಇಡುತ್ತೇನೆ. ಮೊದಲನೆಯವು ಖಾಲಿಯಾಗುವಾಗ ಇವು ಇಳಿಯುತ್ತವೆ. ಬೆರಳಿನಿಂದ ಒತ್ತಿ ಬಿಡಿಸಿದರೆ ಒಳಗಿನಿಂದ ಹಬೆ ಬರಬೇಕು, ತರಿ ತರಿಯಾಗಿ ಬಿಚ್ಚಿಕೊಳ್ಳಬೇಕು, ಕರಿಯ ಎಣ್ಣೆಯನ್ನು ಹೀರಬೇಕು. ಈ ಸುಖ ಸಿಗುವುದು ಉಗಿಯಿಂದ ತೆಗೆದ ಹತ್ತು ನಿಮಿಷದೊಳಗೆ. ಆಮೇಲೆ ಅದು ಸುಮ್ನೆ ಹೊಟ್ಟೆ ತುಂಬಿಸುವ ಉಂಡೆ.

ನೂಪುಟ್ಟೂ, ಅಂದರೆ ಅಕ್ಕಿ ಶ್ಯಾವಿಗೆಯೂ, ಇದೇ ಜಾತಿಗೆ ಸೇರಿದ್ದು. ಒತ್ತಲು ತೋಳಿನಲ್ಲಿ ಶಕ್ತಿ ಬೇಕು, ಆದರೆ ಬಿಸಿಬಿಸಿ ಎಳೆಗೆ ಕೋಳಿ ಸಾರು ಹಾಕಿಕೊಂಡು ತಿನ್ನಲು ಮನೆಯೇ ಜಾಗ.

ಅಕ್ಕಿ ಒಟ್ಟಿ ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಅನ್ನವನ್ನು ಅಕ್ಕಿ ಹಿಟ್ಟಿನ ಜೊತೆ ಚೆನ್ನಾಗಿ ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿಯಲ್ಲಿ ಎರಡೂ ಕಡೆ ಬಿಸಿ ಮಾಡಿ ಕೆಂಡದ ಮೇಲೆ ಹಾಕಿದರೆ ಬುಸ್ಸೆಂದು ಉಬ್ಬುತ್ತದೆ. ಗ್ಯಾಸಿನ ಉರಿಯಲ್ಲೂ ಉಬ್ಬುತ್ತದೆ, ಅಂಚು ಮಾತ್ರ ಸೀದುಹೋಗುತ್ತದೆ. ಹೋಂಸ್ಟೇಯ ಅಕ್ಕ ಕೆಂಡದಿಂದ ತೆಗೆದು ನೇರ ನನ್ನ ತಟ್ಟೆಗೆ ಹಾಕಿದ ಒಟ್ಟಿಯಲ್ಲಿ ಸಣ್ಣ ಹೊಗೆಯ ವಾಸನೆ ಇತ್ತು. ಅದಕ್ಕೆ ನನ್ನ ಗ್ಯಾಸ್ ಒಲೆ ಸಾಟಿಯಲ್ಲ. ಪೇಟೆಯ ಹೋಟೆಲಿನ ಒಟ್ಟಿಗಿಂತ ಮನೆಯದು ಎಷ್ಟೋ ವಾಸಿ, ಮನೆಯದಕ್ಕಿಂತ ಸೌದೆ ಒಲೆಯದು ವಾಸಿ.

ಬೈಲುಕುಪ್ಪೆಯನ್ನು ಬಿಡಲಾರೆ. ಅದು ಮೈಸೂರು ಜಿಲ್ಲೆಗೆ ಸೇರಿದ್ದರೂ ಕುಶಾಲನಗರದಿಂದ ಕಾವೇರಿ ದಾಟಿದರೆ ಸಾಕು, ಬಂದೇಬಿಟ್ಟಿತು. 1960ರ ದಶಕದಲ್ಲಿ ಟಿಬೆಟಿನವರು ಬಂದು ನೆಲೆಸಿದ ಊರು. ಜಡಿಮಳೆಯ ದಿನ ಅಲ್ಲಿ ಕೂತು ಥುಕ್ಪಾ, ಅಂದರೆ ಅವರ ನೂಡಲ್ಸ್ ಸಾರು, ಕುಡಿಯಬೇಕು. ಮೂಳೆ ಬೆಂದ ಆ ಸಾರು ನನ್ನ ಒಲೆಯಲ್ಲಿ ಬರುವುದಿಲ್ಲ. ಮೊಮೊ ಆರಿದರೆ ಕೆಡುವ ತಿಂಡಿ, ಹಾಗಾದರೆ ಮನೆಯದೇ ಮೇಲಾಗಬೇಕಲ್ವಾ? ಅಲ್ಲ. ಜನ ಬರುತ್ತಲೇ ಇರುವುದರಿಂದ ಅಲ್ಲಿ ಉಗಿ ಪಾತ್ರೆ ಒಲೆಯಿಂದ ಇಳಿಯುವುದೇ ಇಲ್ಲ. ಹಿಟ್ಟನ್ನು ಅಷ್ಟು ತೆಳ್ಳಗೆ ಮಾಡುವ ಕೈಯೂ ಅವರದೇ. ಕಡಂಬುಟ್ಟಿಗೂ ಇಷ್ಟೇ ಗಿರಾಕಿ ಇದ್ದಿದ್ದರೆ ಹೋಟೆಲಿನವರೂ ಬಿಸಿಬಿಸಿ ಕೊಡುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ.

ಆಟಿ ತಿಂಗಳ ಮದ್ದು ಪಾಯಸಕ್ಕೆ ಹೋಲಿಕೆಯೇ ಬೇಡ. ಆಗಸ್ಟ್ 3ರ ಸುಮಾರಿಗೆ, ಆಟಿ 18ರಂದು, ತೋಟದ ಅಂಚಿನಿಂದ ಮದ್ದು ಸೊಪ್ಪು ಕೊಯ್ದು ತಂದು ಕುದಿಸಿದರೆ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು ಸೇರಿಸಬೇಕು. ಮನೆಯ ಬಟ್ಟಲಲ್ಲೇ ಅದರ ಪರಿಮಳ. ಬೆಲ್ಲದ ಕಾಫಿಯೂ ಹಾಗೆಯೇ, ಮನೆಯದೇ ಸೈ.

ಎರಡು ದಿನಕ್ಕೆ ಕೊಡಗಿಗೆ ಬರುವವರಿಗೆ ನಾನು ಹೇಳುವುದು ಇಷ್ಟು. ಮಧ್ಯಾಹ್ನ ಹೋಟೆಲಿನಲ್ಲಿ ಪಂದಿ ಕರಿಗೆ ಅನ್ನ ಹಾಕಿಸಿಕೊಳ್ಳಿ. ಕಡಂಬುಟ್ಟು ಬೇಕಿದ್ದರೆ, "ಈಗ ಉಗಿಯಲ್ಲಿ ಇದೆಯಾ?" ಅಂತ ಕೇಳಿಯೇ ತೆಗೆದುಕೊಳ್ಳಿ. ಹೋಂಸ್ಟೇಯಲ್ಲಿ ಸೌದೆ ಒಲೆ ಇದ್ದರೆ ಬೆಳಗಿನ ತಿಂಡಿಗೆ ಒಟ್ಟಿ ಮಾಡಿಕೊಡಲು ಹಿಂದಿನ ರಾತ್ರಿಯೇ ಹೇಳಿಡಿ. ಹೊರಡುವಾಗ ಅಕ್ಕಿ ತರಿ, ಒಂದು ಬಾಟಲಿ ಕಾಚಂಪುಳಿ ತೆಗೆದುಕೊಳ್ಳಿ. ಅದು ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಕಪ್ಪಗಾಗುವವರೆಗೆ ಬತ್ತಿಸಿ ಮಾಡುವುದು. ಬಾಟಲಿ ಓರೆ ಮಾಡಿದರೆ ನೀರಿನ ಹಾಗೆ ಓಡಾಡಬಾರದು, ನಿಧಾನಕ್ಕೆ ಜಾರಬೇಕು. ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕು. ಗಾಜಿನ ಬಾಟಲಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.